ಗಾಳಿಯ ಮೇಲೆ ಹೊರಿಸಿದ ತಪ್ಪು

೨೦೨೫ರ ಜೂನ್ ೧೫ರಂದು ಬೆಂಗಳೂರಿನಲ್ಲಿ ವಿಶ್ವ ಗಾಳಿ ದಿನದ ಸಮಾರಂಭ ನಡೆಯಿತು. ೨೦೨೪-೨೫ರ ಒಂದೇ ವರ್ಷದಲ್ಲಿ ೧,೩೩೧ ಮೆಗಾವಾಟಿನಷ್ಟು ಹೊಸ ಗಾಳಿಯಂತ್ರಗಳನ್ನು ನಿಲ್ಲಿಸಿ ದೇಶದಲ್ಲಿ ಮೊದಲ ಸ್ಥಾನ ಪಡೆದುದಕ್ಕಾಗಿ ಕರ್ನಾಟಕಕ್ಕೆ ಕೇಂದ್ರ ಸರಕಾರದ ಮನ್ನಣೆ ಸಿಕ್ಕಿತು. ಚಿತ್ರದುರ್ಗದ ಜೋಗಿಮಟ್ಟಿಯಿಂದ ಹಿಡಿದು ಗದಗ, ಕೊಪ್ಪಳ, ಬಳ್ಳಾರಿ, ವಿಜಯಪುರಗಳ ಎರೆಹೊಲಗಳವರೆಗೆ ನಿಂತಿರುವ ಯಂತ್ರಗಳ ಒಟ್ಟು ಶಕ್ತಿ ಈಗ ಏಳು ಸಾವಿರ ಮೆಗಾವಾಟನ್ನು ದಾಟಿದೆ. ಮನ್ನಣೆಗೆ ನಮ್ಮ ತಕರಾರಿಲ್ಲ. ಕಲ್ಲಿದ್ದಲು ಸುಟ್ಟು ರಾಯಚೂರಿನ ಜನರ ಮೇಲೆ ಬೂದಿ ಸುರಿಯುವುದಕ್ಕಿಂತ ಗಾಳಿಯಿಂದ ಕರೆಂಟು ತೆಗೆಯುವುದು ಎಷ್ಟೋ ಪಾಲು ಮೇಲು. ಆದರೆ ಗಾಳಿಯಂತ್ರ ಹೊಲದಲ್ಲಿ ನಿಂತ ಮಾತ್ರಕ್ಕೆ ಮನೆಯಲ್ಲಿ ದೀಪ ಹತ್ತುವುದಿಲ್ಲ. ನಡುವೆ ತಂತಿ ಬೇಕು. ಆ ತಂತಿಯನ್ನು ಎಲ್ಲಿಂದ ಎಲ್ಲಿಗೆ, ಯಾವಾಗ, ಎಷ್ಟು ದಪ್ಪಕ್ಕೆ, ಯಾರ ಖರ್ಚಿನಲ್ಲಿ ಎಳೆಯಬೇಕು? ಇಂದಿನ ಬರಹ ಅದರ ಬಗ್ಗೆ.

ಬೆಂಗಳೂರಿನ ಹಳೆಯ ಬಡಾವಣೆಗಳಾದ ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರಗಳಲ್ಲಿ ನಮ್ಮ ಪತ್ರಿಕೆಯನ್ನು ಅಂಚೆಯಲ್ಲಿ ತರಿಸಿಕೊಂಡು ಓದುವ ಸ್ನೇಹಿತರಿದ್ದಾರೆ. ನಿವೃತ್ತ ಮೇಷ್ಟ್ರುಗಳು, ಅಚ್ಚುಕೂಟದ ಕೆಲಸಗಾರರು, ಸಣ್ಣ ಅಂಗಡಿಯವರು. ಅವರಿಂದ ನಾವು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: ಗಾಳಿಗೆ ಬೆಲೆಯಿಲ್ಲ, ಬಿಸಿಲಿಗೆ ಬೆಲೆಯಿಲ್ಲ ಎನ್ನುತ್ತೀರಿ, ಹಾಗಿದ್ದರೆ ನಮ್ಮ ಬಿಲ್ಲು ಏಕೆ ಇಳಿಯದು? ಈ ಪ್ರಶ್ನೆಯನ್ನು ಅಧಿಕಾರಿಗಳ ಮುಂದಿಟ್ಟರೆ ಸಿಗುವ ಉತ್ತರವೂ ಒಂದೇ: ಗಾಳಿ ನಂಬಿಕೆಗೆ ಬಾರದು ಸ್ವಾಮಿ. ಲೈನು ತಡವಾದರೂ ಗಾಳಿಯೇ ಕಾರಣ, ಕಟ್ಟಿದ ಲೈನು ಖಾಲಿ ಬಿದ್ದರೂ ಗಾಳಿಯೇ ಕಾರಣ, ಬೇಸಿಗೆಯಲ್ಲಿ ದುಬಾರಿ ಕರೆಂಟು ಕೊಂಡರೂ ಗಾಳಿಯೇ ಕಾರಣ. ಬಾಯಿಲ್ಲದ ಗಾಳಿಯ ಮೇಲೆ ಇಷ್ಟೆಲ್ಲ ತಪ್ಪು ಹೊರಿಸುವುದು ಸುಲಭ. ಅದರಲ್ಲಿ ಎಷ್ಟು ಪಾಲು ನಿಜವಾಗಿ ಗಾಳಿಯದು ಎಂಬುದನ್ನು ನೋಡೋಣ.

ಗಾಳಿ ಚಂಚಲವೆಂಬ ಮಾತು ಸುಳ್ಳಲ್ಲ. ಗಾಳಿಯ ವೇಗ ಇಮ್ಮಡಿಯಾದರೆ ಅದರಲ್ಲಿರುವ ಶಕ್ತಿ ಎಂಟು ಪಟ್ಟಾಗುತ್ತದೆ. ವೇಗ ಹತ್ತರಲ್ಲಿ ಒಂದು ಪಾಲು ತಗ್ಗಿದರೆ ಶಕ್ತಿ ನಾಲ್ಕರಲ್ಲಿ ಒಂದು ಪಾಲಿಗಿಂತ ಹೆಚ್ಚೇ ತಗ್ಗುತ್ತದೆ. ಹೀಗಾಗಿ ಸಾವಿರ ಮೆಗಾವಾಟಿನ ಯಂತ್ರಗಳು ವರ್ಷದ ಸರಾಸರಿಯಲ್ಲಿ ಕಾಲುಭಾಗದಿಂದ ಮೂರನೆಯ ಒಂದು ಭಾಗದಷ್ಟು ಮಾತ್ರ ಕೊಡುತ್ತವೆ. ಕೆಲವು ಗಂಟೆ ಪೂರ್ತಿ, ಕೆಲವು ಗಂಟೆ ಸೊನ್ನೆ. ನಾಳೆ ಬೆಳಗ್ಗೆ ಎಷ್ಟು ಬೀಸೀತೆಂಬ ಅಂದಾಜನ್ನು ಹದಿನೈದು ಹದಿನೈದು ನಿಮಿಷದ ಲೆಕ್ಕದಲ್ಲಿ ಕಂಪನಿಗಳು ಮುಂಚಿತವಾಗಿ ಕೊಡಬೇಕೆಂದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ೨೦೧೫ರಲ್ಲಿ ನಿಯಮ ಮಾಡಿತು. ಒಳ್ಳೆಯ ನಿಯಮ. ಆದರೆ ಅದರೊಳಗಿನ ರಿಯಾಯಿತಿಯನ್ನು ಗಮನಿಸಿ. ಅಂದಾಜು ಶೇಕಡಾ ೧೫ರವರೆಗೆ ತಪ್ಪಿದರೆ ದಂಡವಿಲ್ಲ. ಈ ಶೇಕಡಾ ೧೫ನ್ನು ಎಣಿಸುವುದು ಆ ಹೊತ್ತು ಕೊಡುತ್ತೇನೆಂದ ಕರೆಂಟಿನ ಮೇಲಲ್ಲ, ಸ್ಥಾವರದ ಲಭ್ಯ ಸಾಮರ್ಥ್ಯದ ಮೇಲೆ. ಅಂದರೆ ನೂರು ಮೆಗಾವಾಟಿನ ಸ್ಥಾವರದವನು ಇಪ್ಪತ್ತು ಕೊಡುತ್ತೇನೆಂದು ಹೇಳಿ ಐದು ಕೊಟ್ಟರೂ ಕೇಳುವವರಿರಲಿಲ್ಲ. ಅಂಥ ಹೊತ್ತಿನಲ್ಲಿ ಕೊರತೆಯಾದ ಹದಿನೈದನ್ನು ಎಲ್ಲಿಂದಲೋ ಹೊಂದಿಸುವ ಭಾರ ಸರಕಾರಿ ಕಂಪನಿಗಳ ಮೇಲೆ, ಎಂದರೆ ನಮ್ಮ ಮೇಲೆ ಬಿತ್ತು. ಚಂಚಲತೆ ಗಾಳಿಯದು, ಒಪ್ಪೋಣ. ಆ ಚಂಚಲತೆಯ ಬೆಲೆಯನ್ನು ಯಾರು ತೆರಬೇಕೆಂದು ಬರೆದದ್ದು ಗಾಳಿಯಲ್ಲವಲ್ಲ!

ಎರಡನೆಯದು ಋತುವಿನ ಮಾತು. ಆಷಾಢ ಬಂದರೆ ಗಾಳಿ ಬರುತ್ತದೆಂದು ಚಾಮರಾಜಪೇಟೆಯ ಮೈದಾನದಲ್ಲಿ ಗಾಳಿಪಟ ಹಾರಿಸುವ ಹುಡುಗನಿಗೂ ಗೊತ್ತು. ಮುಂಗಾರಿನ ತಿಂಗಳುಗಳಲ್ಲಿ ನಮ್ಮ ಗಾಳಿಯಂತ್ರಗಳು ಬಿಡುವಿಲ್ಲದೆ ತಿರುಗುತ್ತವೆ; ಫೆಬ್ರವರಿಯಿಂದ ಏಪ್ರಿಲಿನವರೆಗೆ ಮಂಕಾಗುತ್ತವೆ. ರಾಜ್ಯದ ಬೇಡಿಕೆ ಏರುವುದು ಸರಿಯಾಗಿ ಆ ಮಂಕಿನ ತಿಂಗಳುಗಳಲ್ಲೇ. ೨೦೨೫ರ ಮಾರ್ಚಿಯಲ್ಲಿ ಅದು ೧೮ ಸಾವಿರ ಮೆಗಾವಾಟನ್ನು ದಾಟಿತು. ೨೦೨೩ರಲ್ಲಂತೂ ಮುಂಗಾರೇ ಕೈಕೊಟ್ಟು, ಇನ್ನೂರಕ್ಕೂ ಹೆಚ್ಚು ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾಗಿ, ಅಕ್ಟೋಬರಿನಲ್ಲೇ ಬೇಸಿಗೆಯಂಥ ಬೇಡಿಕೆ ಬಂತು. ರೈತರ ಪಂಪ್‌ಸೆಟ್ಟುಗಳಿಗೆ ಏಳು ಗಂಟೆಯ ತ್ರೀ ಫೇಸ್ ಕರೆಂಟು ಐದಕ್ಕಿಳಿಯಿತು; ರೈತರು ಬೀದಿಗಿಳಿದ ಮೇಲೆ ಮತ್ತೆ ಏಳಕ್ಕೇರಿತು. ಖಾಸಗಿ ಉತ್ಪಾದಕರು ತಮ್ಮ ಕರೆಂಟನ್ನು ಹೊರಗೆ ಮಾರದೆ ರಾಜ್ಯಕ್ಕೇ ಕೊಡಬೇಕೆಂದು ಸರಕಾರ ವಿದ್ಯುಚ್ಛಕ್ತಿ ಕಾಯಿದೆಯ ೧೧ನೆಯ ಕಲಮನ್ನು ಎತ್ತಿ ಹಿಡಿಯಬೇಕಾಯಿತು. ಇದು ದೊಡ್ಡ ಪಾಠವೇ ಸರಿ. ಆದರೆ ಬರಗಾಲ ಈ ನಾಡಿಗೆ ಹೊಸ ನೆಂಟನೇನೂ ಅಲ್ಲ.

ಬೆಂಗಳೂರಿಗೆ ಕರೆಂಟು ಬಂದದ್ದೇ ಒಂದು ಚಂಚಲ ಹೊಳೆಯಿಂದ ಎಂಬುದನ್ನು ಇಲ್ಲಿ ನೆನಪು ಮಾಡಬೇಕು. ೧೯೦೨ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು ನೂರೈವತ್ತು ಕಿಲೋಮೀಟರ್ ತಂತಿ ಎಳೆದರು. ಬೆಂಗಳೂರಿನ ಬೀದಿದೀಪ ಹತ್ತಿದ್ದು ಆಮೇಲೆ, ೧೯೦೫ರ ಆಗಸ್ಟ್ ೫ರಂದು. ಬೇಸಿಗೆಯಲ್ಲಿ ಕಾವೇರಿ ಬತ್ತಿದರೆ ಯಂತ್ರಗಳಿಗೆ ನೀರಿಲ್ಲ ಎಂಬ ಕಷ್ಟ ಆಗಲೂ ಇತ್ತು. ೧೯೧೧ರಲ್ಲಿ ಕನ್ನಂಬಾಡಿ ಕಟ್ಟೆಯನ್ನು ಆರಂಭಿಸಿದಾಗ ಶಿವನಸಮುದ್ರಕ್ಕೆ ವರ್ಷವಿಡೀ ಒಂದೇ ಸಮ ನೀರು ಸಿಗಬೇಕೆಂಬುದೂ ಅದರ ಮುಖ್ಯ ಉದ್ದೇಶಗಳಲ್ಲಿ ಒಂದಾಗಿತ್ತು. ನಮಗೆ ಇಲ್ಲಿ ಬೇಕಾದ್ದು ಇನ್ನೊಂದು ಸಂಗತಿ. ತಂತಿ ಎಳೆಯುವ ಮೊದಲೇ ಮೈಸೂರು ಸರಕಾರ ಗಣಿ ಕಂಪನಿಗಳೊಡನೆ ಕರಾರು ಮಾಡಿಕೊಂಡಿತ್ತು. ಇಷ್ಟು ಕರೆಂಟು ಕೊಳ್ಳುತ್ತೇವೆ, ಇಷ್ಟು ಕೊಡುತ್ತೇವೆ ಎಂದು ಕಂಪನಿಯವರಿಂದ ಬರೆಸಿಕೊಂಡೇ ಕೆಲಸ ಶುರುವಾಯಿತು. ರಾಜರ ಆಳ್ವಿಕೆಯ ಬಗ್ಗೆ ನಮಗೇನೂ ವಿಶೇಷ ಮಮತೆಯಿಲ್ಲ. ಆ ತಂತಿ ಹಾದ ಹಳ್ಳಿಗಳು ಕತ್ತಲಲ್ಲೇ ಉಳಿದವೆಂಬುದನ್ನೂ ಬಲ್ಲೆವು. ಆದರೂ ತಂತಿಯಿಂದ ಲಾಭ ಪಡೆಯುವವನಿಂದ ಮೊದಲು ಮುಚ್ಚಳಿಕೆ ಬರೆಸಿಕೊಳ್ಳುವಷ್ಟು ವ್ಯವಹಾರ ಜ್ಞಾನ ಆ ದಿವಾನರಿಗಿತ್ತು. ಪ್ರಜಾಪ್ರಭುತ್ವದ ಸರಕಾರಗಳಿಗೆ ಅಷ್ಟೂ ಇಲ್ಲವಾಯಿತೇ?

ಈ ಕೇಳಿಕೆಗೆ ಕಾರಣವಾದದ್ದು ಮೂರನೆಯ ಅನಿಶ್ಚಿತತೆ. ನಮ್ಮ ದೃಷ್ಟಿಯಲ್ಲಿ ಮೊದಲಿನ ಎರಡಕ್ಕಿಂತ ಇದೇ ದೊಡ್ಡದು. ಗಾಳಿಯಂತ್ರಗಳ ಒಂದು ಸ್ಥಾವರವನ್ನು ಒಂದೂವರೆ ಎರಡು ವರ್ಷದಲ್ಲಿ ನಿಲ್ಲಿಸಬಹುದು. ಅದರ ಕರೆಂಟನ್ನು ದೂರಕ್ಕೆ ಒಯ್ಯುವ ಹೈಟೆನ್ಷನ್ ಲೈನಿಗೆ ಸರ್ವೆ, ಜಮೀನಿನ ತಕರಾರು, ಅರಣ್ಯದ ಅನುಮತಿ ಎಲ್ಲ ಸೇರಿ ಮೂರರಿಂದ ಐದು ವರ್ಷ. ಆದ್ದರಿಂದ ಯಂತ್ರ ಎಲ್ಲಿ ಬರುತ್ತದೆಂದು ತಿಳಿಯುವ ಮೊದಲೇ ಲೈನಿನ ಯೋಜನೆ ಹಾಕಬೇಕು. ಆದರೆ ಎಲ್ಲಿ ಬರುತ್ತದೆಂಬುದು ಕಂಪನಿಯ ಜೇಬಿನಲ್ಲಿರುತ್ತದೆ. ಅದು ಗದಗದಲ್ಲಿ ಅರ್ಜಿ ಹಾಕಬಹುದು, ಕೊಪ್ಪಳದಲ್ಲೂ ಹಾಕಬಹುದು, ಎರಡೂ ಕಡೆ ಹಾಕಿ ಒಂದನ್ನು ಬಿಡಬಹುದು, ಸಂಪರ್ಕದ ಅನುಮತಿ ಪಡೆದು ಬಡ್ಡಿ ಇಳಿಯುವ ತನಕ ಸುಮ್ಮನೆ ಕೂರಬಹುದು. ಯೋಜಕರು ಅರ್ಜಿಗಳ ಕಟ್ಟನ್ನು ಮುಂದಿಟ್ಟುಕೊಂಡು ಯಾವುದು ನಿಜ, ಯಾವುದು ಹುಸಿ ಎಂದು ಊಹೆ ಮಾಡುತ್ತ ಕೂರುತ್ತಾರೆ. ಊಹೆ ಕಡಿಮೆಯಾದರೆ ಬೀಸುವ ಗಾಳಿಗೆ ದಾರಿಯಿಲ್ಲದೆ ಯಂತ್ರ ನಿಲ್ಲಿಸಬೇಕು. ಹೆಚ್ಚಾದರೆ ಸಾವಿರಾರು ಕೋಟಿಯ ತಂತಿ ಖಾಲಿ ಜೋತಾಡಬೇಕು.

ಎರಡಕ್ಕೂ ಉದಾಹರಣೆ ಹುಡುಕಲು ಕಷ್ಟವಿಲ್ಲ. ನೆರೆಯ ತಮಿಳುನಾಡಿನಲ್ಲಿ ೨೦೧೨-೧೩ರ ಹೊತ್ತಿಗೆ ಮುಂಗಾರಿನ ಗಾಳಿ ಭರ್ಜರಿಯಾಗಿ ಬೀಸುತ್ತಿದ್ದಾಗಲೇ ಲೈನಿನ ಕೊರತೆಯಿಂದ ಯಂತ್ರಗಳನ್ನು ನಿಲ್ಲಿಸಿದರು. ಅದೇ ರಾಜ್ಯದ ಬೇರೆ ಊರುಗಳಲ್ಲಿ ಅದೇ ಕಾಲಕ್ಕೆ ಕರೆಂಟಿಲ್ಲದೆ ಜನ ಒದ್ದಾಡುತ್ತಿದ್ದರು. ಚೀನಾದ ಗಾನ್ಸು ಪ್ರಾಂತ್ಯದಲ್ಲಿ ೨೦೧೬ರಲ್ಲಿ ಗಾಳಿಯಿಂದ ತೆಗೆಯಬಹುದಾಗಿದ್ದ ಕರೆಂಟಿನಲ್ಲಿ ಶೇಕಡಾ ೪೩ ಪಾಲು ವ್ಯರ್ಥವಾಯಿತು. ಇದಕ್ಕೆ ವಿರುದ್ಧವಾಗಿ, ಬಂಡವಾಳಶಾಹಿಯ ತೌರುಮನೆಯಾದ ಅಮೆರಿಕದ ಟೆಕ್ಸಸ್‌ನಲ್ಲೇ ಸರಕಾರ ಮೊದಲು ಗಾಳಿಯ ವಲಯಗಳನ್ನು ಗುರುತಿಸಿ, ೨೦೦೮ರಲ್ಲಿ ತೀರ್ಮಾನ ಮಾಡಿ, ಸುಮಾರು ೭೦೦ ಕೋಟಿ ಡಾಲರ್ ಖರ್ಚಿನಲ್ಲಿ ೨೦೧೩-೧೪ರ ಹೊತ್ತಿಗೆ ಲೈನುಗಳನ್ನು ಮುಗಿಸಿತು. ಯಂತ್ರಗಳು ಲೈನನ್ನು ಹುಡುಕಿಕೊಂಡು ಬಂದವು. ಅಲ್ಲಿಯ ಖರ್ಚು ಬಳಕೆದಾರರೆಲ್ಲರ ಮೇಲೆ ಬಿದ್ದಿತೆಂಬುದು ನಿಜ, ಅದು ನಮಗೆ ಒಪ್ಪಿಗೆಯಿಲ್ಲ. ಆದರೆ ದಾರಿ ಎಲ್ಲಿಗೆಂದು ಹೇಳುವ ಅಧಿಕಾರವನ್ನು ಕಂಪನಿಗೆ ಬಿಟ್ಟುಕೊಡದ ಬುದ್ಧಿ ಅವರಿಗಿತ್ತು.

ಇದಕ್ಕಾಗಿ ಟೆಕ್ಸಸ್‌ಗೆ ಹೋಗಬೇಕಾದ್ದೂ ಇಲ್ಲ. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಓದುಗರು ಬಾಗಿಲು ತೆರೆದು ಹೊರಗೆ ನಿಂತು ನೋಡಿದರೆ ಸಾಕು. ಕೋಟೆ, ಪೇಟೆಯ ಇಕ್ಕಟ್ಟಿನಿಂದ ಊರನ್ನು ಹೊರಗೆ ತರಲು ೧೮೯೦ರ ದಶಕದಲ್ಲಿ ಈ ಬಡಾವಣೆಗಳ ಯೋಜನೆ ಹಾಕಿದರು. ೧೮೯೮ರ ಪ್ಲೇಗು ಆ ಕೆಲಸವನ್ನು ಅವಸರಪಡಿಸಿತು. ಅಲ್ಲಿ ಯಾರು ಮನೆ ಕಟ್ಟುತ್ತಾರೆ, ಎಷ್ಟು ಮಂದಿ ಬರುತ್ತಾರೆ ಎಂಬುದು ಆಗ ಯಾರಿಗೂ ತಿಳಿದಿರಲಿಲ್ಲ. ಆದರೂ ಅಡ್ಡರಸ್ತೆ, ಮುಖ್ಯರಸ್ತೆ, ಮನೆಗಳ ಹಿಂದಿನ ಕನ್ಸರ್ವೆನ್ಸಿ ಗಲ್ಲಿ, ಮಾರುಕಟ್ಟೆಗೆ, ಗುಡಿಗೆ, ಉದ್ಯಾನಕ್ಕೆ ಜಾಗ ಎಲ್ಲವನ್ನೂ ಮೊದಲು ಗುರುತಿಸಿ ಆಮೇಲೆ ನಿವೇಶನ ಹಂಚಿದರು. ಮನೆ ಕಟ್ಟುವವನು ಅರ್ಜಿ ಹಾಕಲಿ, ಅವನ ಬಾಗಿಲಿಗೆ ರಸ್ತೆ ಎಳೆಯೋಣ ಎಂದು ಕಾದಿದ್ದರೆ ಇಂದು ಸಂಪಿಗೆ ರಸ್ತೆಯೂ ಇರುತ್ತಿರಲಿಲ್ಲ, ಗಾಂಧಿ ಬಜಾರೂ ಇರುತ್ತಿರಲಿಲ್ಲ. ಕರೆಂಟಿನ ರಸ್ತೆಗಳ ವಿಷಯದಲ್ಲಿ ನಮ್ಮ ಸರಕಾರಗಳು ಮಾಡುತ್ತಿರುವುದು ಬಹುಮಟ್ಟಿಗೆ ಆ ಕಾಯುವ ಕೆಲಸವೇ.

ಗಾಳಿ ಎಲ್ಲಿದೆಯೆಂದು ಗೊತ್ತಿಲ್ಲವೇ? ಗೊತ್ತಿದೆ. ೧೯೬೦ರ ದಶಕದಲ್ಲೇ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದವರು ಬಾವಿಯಿಂದ ನೀರೆತ್ತುವ ಗಾಳಿಯಂತ್ರವನ್ನು ರೂಪಿಸಿದ್ದರು. (ಬಡ ರೈತನ ಬಾವಿಗೆಂದು ಹುಟ್ಟಿದ ವಿದ್ಯೆ ಕೊನೆಗೆ ಶೇರು ಪೇಟೆಯ ಸೊತ್ತಾದ ಕತೆಯನ್ನು ಇನ್ನೊಮ್ಮೆ ಬರೆಯಬೇಕು.) ಈಗಂತೂ ರಾಷ್ಟ್ರೀಯ ಪವನಶಕ್ತಿ ಸಂಸ್ಥೆಯ ನಕ್ಷೆ ಎಲ್ಲರಿಗೂ ಲಭ್ಯ, ನೂರೈವತ್ತು ಮೀಟರ್ ಎತ್ತರದಲ್ಲಿ ಕರ್ನಾಟಕದ ಗಾಳಿಯಿಂದ ೧,೬೯,೦೦೦ ಮೆಗಾವಾಟ್ ಸಾಧ್ಯವೆಂದು ಅದು ಅಂದಾಜು ಮಾಡಿದೆ. ಅದರಲ್ಲಿ ನಾವು ಹಿಡಿದಿರುವುದು ಇಪ್ಪತ್ತರಲ್ಲಿ ಒಂದು ಪಾಲಿನಷ್ಟು. ಗಾಳಿ ಎಲ್ಲಿದೆಯೆಂಬುದು ಖಚಿತ, ಯಾವ ತಿಂಗಳಲ್ಲಿ ಬೀಸುತ್ತದೆಂಬುದು ಬಹುಮಟ್ಟಿಗೆ ಖಚಿತ. ಅನಿಶ್ಚಿತವಾಗಿರುವುದು ಮಾಲೀಕನ ಮನಸ್ಸು, ಮತ್ತು ಅವನ ಮನಸ್ಸನ್ನು ವರ್ಷಕ್ಕೊಂದು ಬಾರಿ ತಿರುಗಿಸುವ ಸರಕಾರದ ರಿಯಾಯಿತಿ.

ಆ ರಿಯಾಯಿತಿಗಳ ಕಡೆಗೆ ಈಗ ಬರೋಣ. ೨೦೨೫ರ ಜೂನ್ ೩೦ರೊಳಗೆ ಚಾಲನೆಗೆ ಬಂದ ಗಾಳಿ, ಸೌರ ಸ್ಥಾವರಗಳ ಕರೆಂಟಿಗೆ ಅಂತರರಾಜ್ಯ ಪ್ರಸರಣ ಶುಲ್ಕವನ್ನು ಕೇಂದ್ರ ಸರಕಾರ ೨೫ ವರ್ಷ ಮನ್ನಾ ಮಾಡಿತು. ಆ ದಿನದ ನಂತರ ಬರುವವರಿಗೆ ಮನ್ನಾ ವರ್ಷಕ್ಕೆ ಕಾಲುಭಾಗದಂತೆ ಇಳಿಯಬೇಕೆಂದು ಗೊತ್ತು ಮಾಡಿತು. ಗಡುವಿನ ಮೊದಲು ನೂಕುನುಗ್ಗಲು ಆಗದೆ ಇದ್ದೀತೇ? ಗಾಳಿ ಬಂದಾಗ ತೂರಿಕೋ ಎಂಬ ಗಾದೆಯನ್ನು ನಮ್ಮ ಕಂಪನಿಗಳು ಚೆನ್ನಾಗಿ ಬಲ್ಲವು. ಇಲ್ಲಿ ಬೀಸಿದ ಗಾಳಿ ಮಾತ್ರ ದಿಲ್ಲಿಯದು. ಕೊಪ್ಪಳ, ಗದಗಗಳ ಸಂಗ್ರಹ ಉಪಕೇಂದ್ರಗಳಿಂದ ಹೊರಡುವ ಕರೆಂಟು ಮತ್ತಾವುದೋ ರಾಜ್ಯದ ಖರೀದಿದಾರನಿಗೆ ಪುಕ್ಕಟೆ ತಂತಿಯಲ್ಲಿ ಹೋದರೆ, ಆ ತಂತಿಯ ಸಾಲ, ಬಡ್ಡಿ, ನಿರ್ವಹಣೆ ಆವಿಯಾಗಿ ಹೋಗುವುದಿಲ್ಲ. ಮನ್ನಾ ಸಿಗದ ಮಿಕ್ಕವರ ಮೇಲೆ ಹಂಚಿಕೆಯಾಗುತ್ತದೆ. ಮಿಕ್ಕವರಲ್ಲಿ ಬೆಸ್ಕಾಂ ಇದೆ; ಬೆಸ್ಕಾಂ ಎಂದರೆ ಬಸವನಗುಡಿಯ ಮನೆ.

ರಾಜ್ಯದೊಳಗಿನ ಕತೆಯೂ ಇದಕ್ಕಿಂತ ಭಿನ್ನವಲ್ಲ. ದೊಡ್ಡ ಕಾರಖಾನೆ, ದೊಡ್ಡ ಕಚೇರಿ, ದೊಡ್ಡ ಮಾಲುಗಳವರು ಬೆಸ್ಕಾಂ ದರ ದುಬಾರಿಯೆಂದು ನೇರವಾಗಿ ಗಾಳಿ ಕಂಪನಿಗಳಿಂದ ಕೊಳ್ಳಬಹುದು. ಕೊಳ್ಳಲಿ. ಆದರೆ ಬಹುಕಾಲ ಅವರಿಗೊಂದು ವಿಚಿತ್ರ ಅನುಕೂಲವೂ ಇತ್ತು: ಆಷಾಢದಲ್ಲಿ ಹೆಚ್ಚಾಗಿ ಬಂದ ಕರೆಂಟನ್ನು ಸರಕಾರಿ ಜಾಲದಲ್ಲಿ ಠೇವಣಿ ಇಟ್ಟು, ನೂರಕ್ಕೆ ಎರಡರ ಶುಲ್ಕ ತೆತ್ತು, ಅದೇ ಆರ್ಥಿಕ ವರ್ಷದ ಬೇಸಿಗೆಯಲ್ಲಿ ಹಿಂತೆಗೆದುಕೊಳ್ಳುವುದು. ಕರೆಂಟನ್ನು ಹಾಗೆ ಪೆಟ್ಟಿಗೆಯಲ್ಲಿ ಇಡಲು ಬರುವುದಿಲ್ಲವಷ್ಟೆ. ಜುಲೈಯಲ್ಲಿ ಬೇಡವಾದಾಗ ಅಗ್ಗದ ಕರೆಂಟು ತೆಗೆದುಕೊಂಡ ಬೆಸ್ಕಾಂ, ಮಾರ್ಚಿಯಲ್ಲಿ ಪೇಟೆಯಿಂದ ದುಬಾರಿ ಕರೆಂಟು ಕೊಂಡು ಠೇವಣಿದಾರನಿಗೆ ಒಪ್ಪಿಸಬೇಕಾಗಿತ್ತು. ಈ ಅವಧಿಯನ್ನು ತಿಂಗಳಿಗೆ ಇಳಿಸುವ ಮಾತು ೨೦೨೨ರ ಕೇಂದ್ರ ನಿಯಮಗಳೊಂದಿಗೆ ಬಂತು. ಆ ನಿಯಮಗಳನ್ನೇ ೨೦೨೪ರ ಡಿಸೆಂಬರಿನಲ್ಲಿ ನಮ್ಮ ಹೈಕೋರ್ಟು ರದ್ದು ಮಾಡಿತು. ನ್ಯಾಯಾಲಯದ ಜಗ್ಗಾಟ ಏನೇ ಇರಲಿ, ಗಾಳಿಯ ಋತುಚಂಚಲತೆಯ ನಷ್ಟವನ್ನು ವರ್ಷಗಟ್ಟಲೆ ಹೊತ್ತವರು ಯಾರೆಂಬುದು ಸ್ಪಷ್ಟವಾಗಿದೆ.

ಈಗ ಬಿಲ್ಲನ್ನು ಕೈಗೆತ್ತಿಕೊಳ್ಳಿ. ೨೦೨೫ರ ಏಪ್ರಿಲ್ ೧ರಿಂದ ಮನೆಬಳಕೆಯ ಯೂನಿಟ್ ದರ ೫ ರೂಪಾಯಿ ೯೦ ಪೈಸೆಯಿಂದ ೫ ರೂಪಾಯಿ ೮೦ ಪೈಸೆಗೆ ಇಳಿಯಿತು. ಅದೇ ದಿನ ಮಂಜೂರಾದ ಪ್ರತಿ ಕಿಲೋವಾಟಿನ ತಿಂಗಳ ನಿಗದಿತ ಶುಲ್ಕ ೧೨೦ ರೂಪಾಯಿಂದ ೧೪೫ಕ್ಕೆ ಏರಿತು. ಮೂರು ಕಿಲೋವಾಟ್ ಮಂಜೂರಾದ ಮನೆಗೆ ತಿಂಗಳಿಗೆ ೭೫ ರೂಪಾಯಿ ಹೆಚ್ಚು. ಹತ್ತು ಪೈಸೆಯ ಇಳಿಕೆಯಿಂದ ಇದನ್ನು ಸರಿದೂಗಿಸಬೇಕಾದರೆ ತಿಂಗಳಿಗೆ ೭೫೦ ಯೂನಿಟ್ ಉರಿಸಬೇಕು! ಗಂಡ ಹೆಂಡತಿ ಇಬ್ಬರೇ ಇರುವ ಪಿಂಚಣಿದಾರರ ಮನೆಯಲ್ಲಿ ಅಷ್ಟು ಉರಿಸುವುದು ಯಾರು? ನೌಕರರ ಪಿಂಚಣಿ ಬಾಬ್ತು ಯೂನಿಟ್ಟಿಗೆ ೩೬ ಪೈಸೆ ಸೇರಿಸಿದ್ದು ಬೇರೆ. ಈ ಏರಿಕೆಯೆಲ್ಲ ಗಾಳಿಯ ತಂತಿಯಿಂದಲೇ ಬಂತೆಂದು ನಾವು ಹೇಳುವುದಿಲ್ಲ, ಹಾಗೆ ಹೇಳುವುದು ಸುಳ್ಳಾದೀತು. ಆದರೆ ನಿಗದಿತ ಶುಲ್ಕವೆಂದರೆ ಏನು? ಕರೆಂಟು ಬಳಸಲಿ, ಬಿಡಲಿ, ಸ್ಥಾವರ, ತಂತಿ, ಉಪಕೇಂದ್ರ, ಟ್ರಾನ್ಸ್‌ಫಾರ್ಮರುಗಳು ಸಿದ್ಧವಾಗಿ ನಿಂತ ತಪ್ಪಿಗೆ ತೆರುವ ಬಾಡಿಗೆ. ಜಾಲ ಬೆಳೆದಂತೆಲ್ಲ, ಖಾಲಿ ಬಿದ್ದ ತಂತಿ ಹೆಚ್ಚಿದಂತೆಲ್ಲ ಬೆಳೆಯುವುದು ಬಿಲ್ಲಿನ ಈ ಸಾಲೇ. ಗೃಹಜ್ಯೋತಿಯಿಂದ ತಮ್ಮ ಬಿಲ್ಲು ಸೊನ್ನೆಯಾಗಿದೆಯೆಂದು ಸಮಾಧಾನಪಡುವವರು, ಆ ಸೊನ್ನೆಯ ಹಿಂದಿನ ಹಣವೂ ಖಜಾನೆಯದೆಂಬುದನ್ನು ಮರೆಯಬಾರದು.

ತಂತಿಯ ಈ ತುದಿಯಲ್ಲಿ ಬಾಡಿಗೆ ತೆರುವವರಿದ್ದರೆ ನಡುದಾರಿಯಲ್ಲಿ ಜಮೀನು ತೆರುವವರಿದ್ದಾರೆ. ೪೦೦ ಕಿಲೋವೋಲ್ಟಿನ ಲೈನಿಗೆ ಬೇಕಾದ ದಾರಿಯ ಅಗಲ ೪೬ ಮೀಟರ್. ಒಂದು ಕಿಲೋಮೀಟರ್ ಉದ್ದಕ್ಕೆ ಹನ್ನೊಂದು ಎಕರೆಗೂ ಮೀರುತ್ತದೆ. ಆ ಪಟ್ಟಿಯಲ್ಲಿ ತೆಂಗು, ಅಡಿಕೆ, ಮಾವು ಬೆಳೆಸುವಂತಿಲ್ಲ, ಮನೆ ಕಟ್ಟುವಂತಿಲ್ಲ. ಜಮೀನಿನ ಖಾತೆ ಮಾತ್ರ ರೈತನ ಹೆಸರಿನಲ್ಲೇ ಇರುತ್ತದೆ. ಇದಕ್ಕೆ ಆಧಾರವಾದ ಕಾಯಿದೆ ಯಾವುದು ಗೊತ್ತೇ? ೧೮೮೫ರ ಟೆಲಿಗ್ರಾಫ್ ಕಾಯಿದೆ. ಟೆಲಿಗ್ರಾಮು ಸತ್ತು ವರ್ಷಗಳಾದವು, ಆ ಕಾಯಿದೆಯನ್ನು ೨೦೨೩ರ ದೂರಸಂಪರ್ಕ ಕಾಯಿದೆ ರದ್ದೂ ಮಾಡಿತು. ಆದರೆ ರೈತನ ಹೊಲದಲ್ಲಿ ಕಂಬ ನೆಡುವ ಅಧಿಕಾರದ ಭಾಗವನ್ನು ವಿದ್ಯುತ್ ಲೈನುಗಳಿಗಾಗಿ ಜೋಪಾನವಾಗಿ ಉಳಿಸಿಕೊಂಡರು. ಟವರಿನ ಕಾಲಡಿಯ ಜಾಗಕ್ಕೆ ೨೦೧೫ರ ಕೇಂದ್ರ ಮಾರ್ಗಸೂಚಿಯಲ್ಲಿ ಜಮೀನಿನ ಬೆಲೆಯ ಶೇಕಡಾ ೮೫, ತಂತಿಯ ಕೆಳಗಿನ ಪಟ್ಟಿಗೆ ಹೆಚ್ಚೆಂದರೆ ೧೫ ಎಂದಿತ್ತು. ೨೦೨೪ರ ಜೂನಿನಲ್ಲಿ ಅದನ್ನು ೨೦೦ಕ್ಕೂ ೩೦ಕ್ಕೂ ಏರಿಸಿದರು. ಏರಿಸಿದ್ದು ಸರಿ, ರೈತರು ವರ್ಷಗಟ್ಟಲೆ ಜಗಳವಾಡಿದ್ದರ ಫಲ ಅದು. ಆದರೆ ಅದೂ ಒಂದೇ ಕಂತಿನ ಹಣ. ತಂತಿಯಿಂದ ವರ್ಷ ವರ್ಷವೂ ಬಾಡಿಗೆ ಎಣಿಸುವ ಕಂಪನಿಗಳಿರುವಾಗ ತಂತಿ ಹೊತ್ತ ಹೊಲಕ್ಕೆ ವರ್ಷದ ಬಾಡಿಗೆ ಏಕಿಲ್ಲ? ಪಾವಗಡದ ಸೌರ ಪಾರ್ಕಿನಲ್ಲಿ ಸುಮಾರು ೧೩ ಸಾವಿರ ಎಕರೆಯನ್ನು ಕೊಳ್ಳದೆ, ಎಕರೆಗೆ ವರ್ಷಕ್ಕೆ ೨೧ ಸಾವಿರದಂತೆ, ಎರಡು ವರ್ಷಕ್ಕೊಮ್ಮೆ ಶೇಕಡಾ ೫ ಏರಿಸುತ್ತ ಗೇಣಿಗೆ ಹಿಡಿದಿದ್ದಾರೆ. ಅಲ್ಲಿ ಭೂಮಿಯಿಲ್ಲದ ಕೂಲಿಯವರಿಗೆ ಏನೂ ದಕ್ಕಲಿಲ್ಲವೆಂಬ ದೊಡ್ಡ ಲೋಪವಿದೆ. ಆದರೂ ಒಡೆತನ ಬಿಡಿಸದೆ ಕೆಲಸ ಸಾಧ್ಯವೆಂಬುದಕ್ಕೆ ಅದು ಸಾಕ್ಷಿ.

ಕರೆಂಟಿನ ಮೂಲದಲ್ಲಿರುವವರಿಗೆ ಕತ್ತಲು, ತುದಿಯಲ್ಲಿರುವವರಿಗೆ ಬೆಳಕು ಎಂಬ ಪಾಠವನ್ನು ಶರಾವತಿ ನಮಗೆ ಕಲಿಸಿದೆ. ೧೯೬೪ರಲ್ಲಿ ಲಿಂಗನಮಕ್ಕಿ ಕಟ್ಟೆ ಮುಗಿದು ಬೆಂಗಳೂರಿನ ಕಾರಖಾನೆಗಳಿಗೆ ಜೀವ ಬಂತು. ಹಿನ್ನೀರಿನಾಚೆ ಉಳಿದ ಕರೂರು ಸೀಮೆಯ ಜನ ಲಾಂಚಿಗಾಗಿ ಕಾಯುತ್ತ ಅರವತ್ತು ವರ್ಷ ಕಳೆದರು. ಅವರಿಗೆ ಸೇತುವೆ ಆದದ್ದು ೨೦೨೫ರ ಜುಲೈಯಲ್ಲಿ. ಈಗ ಗಾಳಿ, ಬಿಸಿಲಿನ ಚಂಚಲತೆಯನ್ನು ತುಂಬಿಕೊಡಬೇಕೆಂದು ಅದೇ ಕಣಿವೆಯಲ್ಲಿ, ಸಿಂಗಳೀಕಗಳ ಅಭಯಾರಣ್ಯದೊಳಗೆ, ತಲಕಳಲೆ ಮತ್ತು ಗೇರುಸೊಪ್ಪೆಗಳ ನಡುವೆ ೨,೦೦೦ ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆ ಹಾಕಿದ್ದಾರೆ. ಕೆಳಗಿನ ನೀರನ್ನು ಮೇಲಕ್ಕೆತ್ತಿ ಮತ್ತೆ ಬಿಡುವುದು. ಎತ್ತಲು ಬೇಕಾದ ಕರೆಂಟು ಬಿಡುವಾಗ ಸಿಗುವುದಕ್ಕಿಂತ ಹೆಚ್ಚು. ಕೂಡಿಡುವ ವ್ಯವಸ್ಥೆ ಬೇಕೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಕಾಡು ಕಡಿಯುವ ಮೊದಲು ಕಾಡು ಕಡಿಯದೆ ಏನೇನು ಮಾಡಬಹುದೆಂಬ ಲೆಕ್ಕವನ್ನು ಜನರ ಮುಂದಿಡಿ ಎನ್ನುತ್ತೇವೆ.

ಮಾಡಬಹುದಾದ್ದು ಬೇಕಾದಷ್ಟಿದೆ. ಗಾಳಿ ಬೀಸುವ ತಿಂಗಳಲ್ಲಿ ಲಿಂಗನಮಕ್ಕಿ, ಸೂಪಾ, ಮಾಣಿಗಳ ನೀರನ್ನು ಮುಟ್ಟದೆ ಉಳಿಸಿದರೆ ಅದೇ ಮಾರ್ಚಿಯ ಠೇವಣಿ. ಅದಕ್ಕೆ ಹೊಸ ಸುರಂಗ ಬೇಡ. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ತುಂಗೆಯಿಂದ ಭದ್ರೆಗೆ, ಭದ್ರೆಯಿಂದ ಅಜ್ಜಂಪುರದ ಕಡೆಗೆ ನೀರೆತ್ತುವುದು ಮುಂಗಾರಿನ ತಿಂಗಳುಗಳಲ್ಲೇ. ಗದಗ, ಕೊಪ್ಪಳದ ಹೊಲಗಳಿಗೆ ಸಿಂಗಟಾಲೂರಿನ ಏತ ನೀರಾವರಿ ಇದೆ. ಗಾಳಿ ಇರುವ ಜಿಲ್ಲೆಗಳೂ ನೀರೆತ್ತಬೇಕಾದ ಜಿಲ್ಲೆಗಳೂ ಅಕ್ಕಪಕ್ಕ ಇವೆ. ಬೀಸುವ ತಿಂಗಳೂ ಎತ್ತುವ ತಿಂಗಳೂ ಒಂದೇ. ಗಾಳಿ ಜೋರಾದಾಗ ಪಂಪು ಜೋರಾಗಿ ನಡೆಯಲಿ, ಗಾಳಿ ತಗ್ಗಿದಾಗ ಪಂಪೂ ತಗ್ಗಲಿ. ಕೆರೆಗೆ ನೀರು ರಾತ್ರಿ ಬಂದರೇನು, ಮಧ್ಯಾಹ್ನ ಬಂದರೇನು? ಹೀಗೆ ಬೆಳೆದಲ್ಲೇ ಬಳಸಿದ ಪ್ರತಿ ಮೆಗಾವಾಟಿಗೂ ಬೆಂಗಳೂರಿನವರೆಗೆ ಎಳೆಯಬೇಕಾದ ತಂತಿ ಅಷ್ಟು ತೆಳ್ಳಗಾಗುತ್ತದೆ. ಬ್ಯಾಟರಿಗಳನ್ನೂ ಗಾಳಿಯ ಬುಡದಲ್ಲೇ ಇಟ್ಟರೆ ಇದೇ ಲಾಭ.

ಇನ್ನು ಎಳೆಯಲೇಬೇಕಾದ ತಂತಿಯ ಮಾತು. ಬಯಲುಸೀಮೆಯ ರೈತ ಮಳೆಯನ್ನು ನಂಬಿಕೊಂಡು ಯಾವತ್ತೂ ಒಂದೇ ಬೆಳೆ ಇಟ್ಟವನಲ್ಲ. ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಬಿಟ್ಟು ಅವರೆ, ತೊಗರಿ, ಜೋಳ, ಹುಚ್ಚೆಳ್ಳು ಹಾಕುತ್ತಾನೆ. ಮಳೆ ಚೆನ್ನಾದರೆ ರಾಗಿ, ಹಿಂದಾದರೆ ಅವರೆ, ಏನೂ ಆಗದಿದ್ದರೆ ದನಕ್ಕೆ ಮೇವಾದರೂ ಸಿಗಬೇಕು. ಯಾವ ವರ್ಷ ಬಂದರೂ ಪೂರ್ತಿ ಮುಳುಗದ ಹಾಗೆ ಬಿತ್ತುವುದು ಅವನ ಲೆಕ್ಕ. ಪ್ರಸರಣ ನಿಗಮದ ಯೋಜನೆಯೂ ಹೀಗೇ ಇರಬೇಕು. ಗಾಳಿಯಂತ್ರ ಬೇಗ ಬಂದರೆ, ತಡವಾಗಿ ಬಂದರೆ, ಬೇರೆ ಜಿಲ್ಲೆಗೆ ಹೋದರೆ, ಬೆಂಗಳೂರಿನ ಬೇಡಿಕೆ ಏರದೆ ನಿಂತರೆ ಎಂದು ನಾಲ್ಕಾರು ಭವಿಷ್ಯಗಳನ್ನು ಬರೆದು, ಎಲ್ಲದರಲ್ಲೂ ಉಪಯೋಗಕ್ಕೆ ಬರುವ ಲೈನನ್ನು ಮೊದಲು ಕಟ್ಟಬೇಕು. ಒಂದೇ ಭವಿಷ್ಯದಲ್ಲಿ ಮಾತ್ರ ಬೇಕಾಗುವ ಲೈನನ್ನು ತಡೆಹಿಡಿಯಬೇಕು. ಡಬಲ್ ಸರ್ಕ್ಯೂಟಿನ ಟವರು ನೆಟ್ಟು ಮೊದಲು ಒಂದೇ ಸರ್ಕ್ಯೂಟಿನ ತಂತಿ ಎಳೆಯುವ ರೂಢಿ ಎಂಜಿನಿಯರುಗಳಲ್ಲಿ ಹಳೆಯದು. ರೈತನ ಹೊಲಕ್ಕೆ ಎರಡು ಸಲ ಇಳಿಯಬೇಕಾಗಿಲ್ಲ, ಬೇಡದ ತಂತಿಗೆ ಬಡ್ಡಿ ಕಟ್ಟಬೇಕಾಗಿಯೂ ಇಲ್ಲ. ಇರುವ ಟವರುಗಳಲ್ಲೇ ಹೆಚ್ಚು ಹೊರೆ ತಾಳುವ ಹೊಸ ತಂತಿ ಹಾಕಬಹುದು. ಮಧ್ಯಾಹ್ನದ ಬಿಸಿಲಿಗೂ ಸಂಜೆಯ ಗಾಳಿಗೂ ಒಂದೇ ಲೈನು ಸಾಲುತ್ತದೆ, ಎರಡೂ ಒಟ್ಟಿಗೆ ತುಂಬಿ ಬರುವ ಗಂಟೆಗಳು ಕಡಿಮೆ. ಆ ಕೆಲವೇ ಗಂಟೆಗಳ ಕೊನೆಯ ಯೂನಿಟ್ಟನ್ನೂ ಬಿಡದೆ ಸಾಗಿಸಬೇಕೆಂದು ಲೈನು ದಪ್ಪ ಮಾಡುವುದು, ವರ್ಷಕ್ಕೊಮ್ಮೆ ಪರಿಷೆಗೆ ಬರುವ ಜನಕ್ಕೆಂದು ಬುಲ್ ಟೆಂಪಲ್ ರಸ್ತೆಯ ಎರಡೂ ಬದಿಯ ಮನೆ ಕೆಡವಿದ ಹಾಗೆ.

ಕಂಪನಿಗಳ ಅರ್ಜಿಗಳ ಬಗ್ಗೆ ನಮ್ಮ ಮಾತು ಶಿವನಸಮುದ್ರದ ಮಾತೇ. ಗಾಳಿಯ ವಲಯವನ್ನು ಸರಕಾರ ಗುರುತಿಸಲಿ, ಲೈನನ್ನು ಸರಕಾರ ಮೊದಲು ಕಟ್ಟಲಿ. ಅದರಲ್ಲಿ ಜಾಗ ಬೇಕಾದವನು ಮುಂಗಡ ಕಟ್ಟಿ, ಹೇಳಿದ ದಿನಕ್ಕೆ ಯಂತ್ರ ನಿಲ್ಲಿಸದಿದ್ದರೆ ಆ ಹಣವನ್ನು ಪೂರ್ತಿ ಕಳೆದುಕೊಳ್ಳಬೇಕು, ಖಾಲಿ ತಂತಿಯ ಬಾಡಿಗೆಯನ್ನೂ ತೆರಬೇಕು. ಕಂಪನಿಗಳಿಗೆ ಇದು ಹೆಚ್ಚಾಯಿತೆನಿಸಿದರೆ ಬೇರೆ ಒಡೆಯರಿದ್ದಾರೆ. ಡೆನ್ಮಾರ್ಕಿನ ರಾಜಧಾನಿಯ ಕಡಲಲ್ಲಿ ೨೦೦೦ದಲ್ಲಿ ನಿಂತ ಇಪ್ಪತ್ತು ಗಾಳಿಯಂತ್ರಗಳಲ್ಲಿ ಅರ್ಧ ಪಾಲು ಎಂಟು ಸಾವಿರಕ್ಕೂ ಹೆಚ್ಚು ಸದಸ್ಯರ ಸಹಕಾರ ಸಂಘದ್ದಾಗಿತ್ತು. ನಮ್ಮ ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ ೧೯೬೯ರಷ್ಟು ಹಿಂದೆಯೇ ಹಳ್ಳಿಗರ ವಿದ್ಯುತ್ ಸಹಕಾರ ಸಂಘ ಹುಟ್ಟಿತು. ಗದಗದ ರೈತರೂ ಮಲ್ಲೇಶ್ವರದ ಪಿಂಚಣಿದಾರರೂ ಒಂದೇ ಸಂಘದ ಸದಸ್ಯರಾಗಿ ಯಂತ್ರ ನಿಲ್ಲಿಸಬಾರದೇಕೆ? ಹೊಲದ ಒಡೆಯನೇ ಯಂತ್ರದ ಒಡೆಯನೂ ಆದರೆ ಅರ್ಜಿ ಹಾಕಿ ಓಡಿಹೋಗುವ ಪ್ರಶ್ನೆ ಬಾರದು, ಅವನು ಹೋಗುವುದಾದರೂ ಎಲ್ಲಿಗೆ?

ಇದೆಲ್ಲ ಆಗಬೇಕಾದ ಜಾಗ ವಿದ್ಯುತ್ ನಿಯಂತ್ರಣ ಆಯೋಗದ ಬಹಿರಂಗ ವಿಚಾರಣೆ. ದರ ಪರಿಷ್ಕರಣೆಯ ಅರ್ಜಿಗೆ ಆಕ್ಷೇಪಣೆ ಸಲ್ಲಿಸುವ ಹಕ್ಕು ಯಾವ ಗ್ರಾಹಕನಿಗೂ ಇದೆ. ಅಲ್ಲಿಗೆ ಕೈಗಾರಿಕೆಗಳ ಸಂಘದವರು ವಕೀಲರನ್ನು ಕಟ್ಟಿಕೊಂಡು ಹೋಗುತ್ತಾರೆ, ಮನೆಬಳಕೆಯವರು ಬೆರಳೆಣಿಕೆಯಷ್ಟು. ಅರ್ಜಿಯ ಕಟ್ಟುಗಳು ಇಂಗ್ಲಿಷಿನಲ್ಲಿರುವುದು ಇದಕ್ಕೊಂದು ಕಾರಣ. ಚಾಮರಾಜಪೇಟೆಯಲ್ಲಿರುವ ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿ ನೂರು ವರ್ಷ ದಾಟಿತು. ಅಲ್ಲಿಂದ ಕೂಗಳತೆಯ ಮನೆಯವರಿಗೆ ತಮ್ಮ ಬಿಲ್ಲಿನ ಕಾರಣ ತಮ್ಮ ಭಾಷೆಯಲ್ಲಿ ಸಿಗುವುದಿಲ್ಲ.

ಮುಂದಿನ ವಿಚಾರಣೆಗೆ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳಿಂದ ತಲಾ ಹತ್ತು ಮಂದಿಯಾದರೂ ಹೋಗಬೇಕೆಂದು ನಮ್ಮ ಕೋರಿಕೆ. ಕೇಳಬೇಕಾದ್ದು ಇಷ್ಟೆ: ಕಳೆದ ಐದು ವರ್ಷದಲ್ಲಿ ಗಾಳಿಗೆಂದು ಕಟ್ಟಿದ ಪ್ರತಿ ಲೈನೂ ಉಪಕೇಂದ್ರವೂ ವರ್ಷದಲ್ಲಿ ಎಷ್ಟು ಗಂಟೆ ಎಷ್ಟು ತುಂಬಿತ್ತು? ಸಂಪರ್ಕಕ್ಕೆ ಅನುಮತಿ ಪಡೆದು ಯಂತ್ರ ನಿಲ್ಲಿಸದ ಕಂಪನಿಗಳು ಯಾವುವು, ಅವುಗಳಿಂದ ವಸೂಲಾದದ್ದೆಷ್ಟು? ಮನ್ನಾ ಮಾಡಿದ ಶುಲ್ಕದಲ್ಲಿ ಬೆಸ್ಕಾಂ ಗ್ರಾಹಕರ ಮೇಲೆ ಬಿದ್ದ ಪಾಲೆಷ್ಟು? ಆಕ್ಷೇಪಣೆಯನ್ನು ಕನ್ನಡದಲ್ಲೇ ಬರೆಯಿರಿ, ಉತ್ತರವನ್ನೂ ಕನ್ನಡದಲ್ಲೇ ಕೇಳಿ. ಬಂದ ಉತ್ತರದ ಒಂದು ಪ್ರತಿಯನ್ನು ನಮಗೆ ಕಳಿಸಿದರೆ ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ.